ಎಲ್ಲರ ಬಾಯಲ್ಲಿದ್ದ ನನ್ನ ಪಾಸ್‌ವರ್ಡು

ಕೊಂಡಜ್ಜಿ ನನ್ನ ತವರೂರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಪ್ಯೂಟರು ಪಾಸ್‌ವರ್ಡು ಕೇಳಿದಾಗ ಬೇರೇನೂ ಹೊಳೆಯದೆ ಆ ಊರಿನ ಹೆಸರನ್ನೇ ಕೊಟ್ಟೆ, ಮುಂದೆ ಒಂದು ಎರಡು ಮೂರು ಸೇರಿಸಿದೆ. ಆಮೇಲೆ ಅದು ನನ್ನದಾಗಿ ಉಳಿಯಲಿಲ್ಲ.

ದಾವಣಗೆರೆಯಲ್ಲಿ ಶಾಮನೂರಿನ ಕಡೆಯ ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ನಾನು ಗುಮಾಸ್ತೆ. ಹರಿಹರದಿಂದ ದಿನಾ ಬಸ್ಸಿನಲ್ಲಿ ಓಡಾಟ. ವಿದ್ಯಾರ್ಥಿಗಳ ಇಂಟರ್ನಲ್ ಅಂಕಗಳನ್ನು ಕಂಪ್ಯೂಟರಿಗೆ ತುಂಬಲು ನನ್ನೊಬ್ಬಳ ಹೆಸರಿನಲ್ಲೇ ಲಾಗಿನ್ ಮಾಡಿಸಿದ್ದರು. ಉಳಿದವರಿಗೂ ಒಂದೊಂದು ಮಾಡಿಸಿಕೊಡಿ ಎಂದು ಕೇಳಿದ್ದೆ. "ಇರೋದ್ರಾಗೆ ಹೊಂದಿಸ್ಕೊಳ್ರಿ ಮೇಡಂ" ಎಂದರು ಪ್ರಾಂಶುಪಾಲರು. ಹೊಂದಿಸಿಕೊಂಡೆವು. ನಾನು ರಜೆ ಹಾಕಿದರೆ ಪಕ್ಕದ ಮೇಜಿನವರು ಕೂರುತ್ತಿದ್ದರು, ಅವರು ಊಟಕ್ಕೆ ಎದ್ದರೆ ಯಾರಾದರೂ ಉಪನ್ಯಾಸಕರು. "ಇಲ್ಲೇನ್ ಹೊಡೀಬೇಕ್ರಿ?" ಎಂದು ಒಬ್ಬರು ಕೂಗುವುದು, ಮಂಡಕ್ಕಿ ತಿನ್ನುತ್ತ ಇನ್ನೊಬ್ಬರು "ಕೊಂಡಜ್ಜಿ ಹೊಡೀರಿ" ಎಂದು ಉತ್ತರಿಸುವುದು. ಚಹಾ ತರುವವರಿಗೂ ಗೊತ್ತಿತ್ತು. ಪ್ರಾಂಶುಪಾಲರಂತೂ ತಮ್ಮ ಕೋಣೆಯಿಂದಲೇ, "ಮೇಡಂ, ನಿಮ್ಮ ಕೊಂಡಜ್ಜಿ ಓಪನ್ನೇ ಆಗ್ತಿಲ್ಲಲ್ರಿ" ಎಂದು ದನಿ ಎತ್ತುತ್ತಿದ್ದರು. ನನಗೂ ನಗು ಬರುತ್ತಿತ್ತು.

ನಗು ನಿಂತದ್ದು ಅವರು ನನ್ನನ್ನು ಕೋಣೆಗೆ ಕರೆಸಿ ಬಾಗಿಲು ಹಾಕಿಸಿದ ದಿನ. ಒಬ್ಬ ವಿದ್ಯಾರ್ಥಿಯ ಅಂಕಗಳನ್ನು ಕಂಪ್ಯೂಟರಿನಲ್ಲಿ ಯಾರೋ ಏರಿಸಿದ್ದರು. ಪಾಠ ಮಾಡಿದ ಉಪನ್ಯಾಸಕಿ ತಾನು ಕೊಟ್ಟದ್ದು ಅಷ್ಟಲ್ಲ ಎಂದು ಆಡಳಿತ ಮಂಡಳಿಯವರೆಗೂ ಹೋಗಿದ್ದರು. ಮಂಡಳಿಗೆ ತಪ್ಪು ಹೊರಿಸಲು ಒಂದು ತಲೆ ಬೇಕಾಗಿತ್ತು.

"ತಿದ್ದಿರೋದು ನಿಮ್ಮ ಲಾಗಿನ್ನಿಂದ" ಎಂದರು ಪ್ರಾಂಶುಪಾಲರು.

"ನಾನು ತಿದ್ದಿಲ್ಲ ಸರ್. ಆ ಲಾಗಿನ್ನಿಗೆ ಯಾರ್ಯಾರು ಕೂಡ್ತಾರೆ ಅಂತ ನಿಮಗೇ ಗೊತ್ತೈತಲ್ಲ."

"ಅದೆಲ್ಲ ಬ್ಯಾಡ ಈಗ. ಇದು ಕಂಪ್ಯೂಟರ್ ಡೇಟಾ ತಿದ್ದಿದ ಕೇಸು. ಐಟಿ ಆ್ಯಕ್ಟು. ಮೂರು ವರ್ಷ ಜೈಲು, ಬೇಲೂ ಸಿಗಂಗಿಲ್ಲ. ತಪ್ಪಾತು ಅಂತ ಬರ್ಕೊಟ್ಟು ನೀವಾಗೇ ಕೆಲಸ ಬಿಟ್ರೆ ಎಲ್ಲಾ ಇಲ್ಲಿಗೇ ಮುಗೀತತೆ."

ಬರೆಯುವ ತೊಂದರೆಯನ್ನೂ ನನಗೆ ಉಳಿಸಿರಲಿಲ್ಲ. ತಪ್ಪೊಪ್ಪಿಗೆಯನ್ನು ಟೈಪು ಮಾಡಿಸಿಟ್ಟಿದ್ದರು, ಪೆನ್ನಿನ ಮುಚ್ಚಳ ತೆಗೆದು ಮುಂದೆ ಹಿಡಿದರು. ನಾನು ಮಾಡದ ಕಳ್ಳತನವನ್ನು ನನ್ನ ಹೆಸರಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಟೈಪು ಮಾಡಿದ್ದಾರಲ್ಲ ಎಂದು ಮೈಯೆಲ್ಲ ಉರಿಯಿತು. ನಾಳೆ ಹೇಳುತ್ತೇನೆ ಎಂದು ಎದ್ದು ಬಂದೆ.

ಉರಿದದ್ದು ನಿಜ, ಹೆದರಿದ್ದೂ ನಿಜ. ಬಸ್ಸಿನಲ್ಲಿ ಕೂತಾಗ ಒಂದೇ ಯೋಚನೆ. ಕಳ್ಳಿ ಎನ್ನಿಸಿಕೊಂಡು ಹೊರಬಿದ್ದರೆ ಈ ಊರಿನ ಇನ್ಯಾವ ಕಾಲೇಜು ನನ್ನನ್ನು ಒಳಗೆ ಬಿಟ್ಟೀತು? ಜೈಲು ಜೈಲು ಎಂದರಲ್ಲ, ಏನು ಬರೆದಿದೆಯೋ ನೋಡಿಯೇ ಬಿಡೋಣ ಎಂದು ಮೊಬೈಲಿನಲ್ಲಿ ಆ ಕಾಯಿದೆಯನ್ನು ಹುಡುಕಿ ತೆಗೆದೆ. ನನ್ನ ಇಂಗ್ಲಿಷು ನಿಧಾನದ್ದು, ಒಂದೊಂದು ಸಾಲನ್ನು ಎರಡೆರಡು ಸಲ ಓದಬೇಕು. ಅನುಮತಿಯಿಲ್ಲದೆ ಕಂಪ್ಯೂಟರಿನ ಮಾಹಿತಿಯನ್ನು ಕದ್ದರೆ, ಅಳಿಸಿದರೆ, ಕೆಡಿಸಿದರೆ ಮೂರು ವರ್ಷದವರೆಗೆ ಜೈಲು. ಅಷ್ಟರ ಮಟ್ಟಿಗೆ ಪ್ರಾಂಶುಪಾಲರು ಸುಳ್ಳು ಹೇಳಿರಲಿಲ್ಲ. ಆದರೆ ಅವರು ಓದದ ಇನ್ನೊಂದು ಸಾಲು ಕೆಳಗಿತ್ತು. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದವರಿಗೂ ಮೂರು ವರ್ಷದವರೆಗೆ ಜೈಲು. ಇನ್ನೂ ಕೆಳಗೆ ಹೋದರೆ, ಇಂಥ ಅಪರಾಧಕ್ಕೆ ಬೇಲು ಸಿಗುತ್ತದೆ ಎಂದೂ ಇತ್ತು. ದಾರಿಯಲ್ಲಿ ಸಿಗುವ ಬಾತಿ ಊರು ದಾಟುವಷ್ಟರಲ್ಲಿ ಏನು ಮಾಡಬೇಕೆಂದು ತೀರ್ಮಾನಿಸಿದ್ದೆ.

ಮನೆಯಲ್ಲಿ ಅತ್ತೆ ಕಣ್ಣೀರು ಹಾಕಿದರು. "ಬರ್ಕೊಟ್ಟು ಬಂದ್ಬಿಡವ್ವ. ಪೊಲೀಸ್ ಠಾಣೆ ಮೆಟ್ಲು ನಮ್ಮ ಮನ್ಯಾಗ ಯಾರೂ ಹತ್ತಿಲ್ಲ."

"ನಾನೇ ಮೊದಲು ಹತ್ತತೀನಿ ಬಿಡ್ರಿ ಅತ್ತೆ" ಎಂದೆ. ನನ್ನ ಗಂಡ ಹೆಚ್ಚು ಮಾತಾಡುವವರಲ್ಲ. ಬೆಳಿಗ್ಗೆ ಬೈಕು ಒರೆಸಿ ನಿಲ್ಲಿಸಿ, "ಬಸ್ಸು ಬ್ಯಾಡ, ಹತ್ತು" ಎಂದರು.

ಮೊದಲು ಕಾಲೇಜಿಗೆ ಹೋದೆ. "ಕೇಸು ಹಾಕ್ರಿ ಸರ್" ಎಂದೆ. ಪ್ರಾಂಶುಪಾಲರು ನನ್ನ ಮುಖವನ್ನೇ ನೋಡಿದರು. "ಹಾಕ್ರಿ. ಕಂಪ್ಯೂಟರು ಒಯ್ದು ಬಿಚ್ಚಿ ನೋಡ್ಲಿ. ನೀವು ಹಾಕದಿದ್ರೆ ನಾನೇ ಹಾಕ್ತೀನಿ." ಯೋಚಿಸಿ ನೋಡಿ, ದುಡುಕಬೇಡಿ ಎಂದರು. ಯೋಚಿಸಿಯೇ ಬಂದಿದ್ದೇನೆ ಎಂದು ಹೇಳಿ ಸೈಬರ್ ಠಾಣೆಗೆ ಹೊರಟೆ.

ಇನ್‌ಸ್ಪೆಕ್ಟರು ನನ್ನ ಅರ್ಜಿ ಓದಿ ಹುಬ್ಬೇರಿಸಿದರು. "ಕೂಡ್ರಿ. ಅಲ್ರಿ, ನಿಮ್ಮ ಲಾಗಿನ್ನಿಂದ ತಿದ್ದ್ಯಾರೆ, ನೀವೇ ದೂರು ಕೊಡ್ತೀರಿ?"

"ನನ್ನ ಲಾಗಿನ್ ಬಳಸಿದೋರ ಮೇಲೆ ಕೊಡ್ತಿದೀನಿ ಸರ್."

"ಪಾಸ್‌ವರ್ಡು ಯಾರಿಗೆ ಗೊತ್ತೈತೆ?"

"ಯಾರಿಗೆ ಗೊತ್ತಿಲ್ಲ ಅಂತ ಕೇಳ್ರಿ."

ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಕಾಲೇಜಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ಪ್ರಾಂಶುಪಾಲರ ದನಿ ಬೆಣ್ಣೆಯಂತೆ ಬಂತು. "ಅಂಥದ್ದೇನಿಲ್ಲ ಸರ್, ಸಣ್ಣ ಗೊಂದಲ. ನಾವೇ ಒಳಗೊಳಗೆ ಬಗೆಹರಿಸ್ಕೊಂತೀವಿ." ನಿನ್ನೆಯ ಮೂರು ವರ್ಷದ ಜೈಲು ಒಂದೇ ರಾತ್ರಿಯಲ್ಲಿ ಸಣ್ಣ ಗೊಂದಲವಾಗಿತ್ತು.

"ಆಗ್ಲಿ ಸರ್" ಎಂದರು ಇನ್‌ಸ್ಪೆಕ್ಟರು. "ಆ ಹುಡುಗನ ಅಂಕ ಈಗ ಎಷ್ಟು ತೋರಿಸ್ತತೆ, ಒಂಚೂರು ನೋಡಿ ಹೇಳ್ರಿ."

"ಒಂದ್ನಿಮಿಷ ಸರ್." ಕುರ್ಚಿ ಸರಿದ ಸದ್ದು, ಬಾಗಿಲು ತೆಗೆದ ಸದ್ದು ಕೇಳಿಸಿತು. ಆಮೇಲೆ ನಾನು ವರ್ಷಗಟ್ಟಲೆ ಕೇಳಿದ ಅದೇ ದನಿ, ಅದೇ ಗತ್ತಿನಲ್ಲಿ: "ಏ, ಆ ಮೇಡಮ್ಮಂದು ಓಪನ್ ಮಾಡ್ರಪ್ಪ! ಕೊಂಡಜ್ಜಿ ಹೊಡೀರಿ, ಕೊಂಡಜ್ಜಿ!"

ಇನ್‌ಸ್ಪೆಕ್ಟರ ಪೆನ್ನು ನಿಂತಿತು. ನನ್ನ ಕಡೆ ನೋಡಿದರು. ನಾನು ಕೈ ಕಟ್ಟಿ ಕೂತೆ.

"ಮೇಡಂ ಇಲ್ಲಿ ನನ್ನೆದುರಿಗೆ ಕೂತಾರಲ್ರಿ ಸರ್" ಎಂದರು ಅವರು ಫೋನಿಗೆ. "ಅಲ್ಲಿ ಓಪನ್ ಮಾಡ್ತಿರೋರು ಯಾರು?"



ನನ್ನ ದೂರು ದಾಖಲಾಯಿತು. ಕಂಪ್ಯೂಟರನ್ನು ಒಯ್ದರು, ತನಿಖೆ ಇನ್ನೂ ನಡೆಯುತ್ತಿದೆ. ತಿದ್ದಿದವರು ಯಾರೆಂದು ನನಗೊಂದು ಗುಮಾನಿ ಇದೆ, ಇಲ್ಲಿ ಬರೆಯುವುದಿಲ್ಲ. ಸಾಕ್ಷಿಯಿಲ್ಲದೆ ಹೆಸರು ಹಚ್ಚಿದರೆ ಅವರು ನನಗೆ ಮಾಡಿದ್ದನ್ನೇ ನಾನೂ ಮಾಡಿದಂತಾಗುತ್ತದೆ. ದೂರು ವಾಪಸ್ ತೆಗೆದುಕೊಂಡರೆ ಸಂಬಳ ಹೆಚ್ಚಿಸುತ್ತೇವೆ ಎಂದು ಮಂಡಳಿಯಿಂದ ಹೇಳಿ ಕಳಿಸಿದ್ದರು. ನಾನು ಒಪ್ಪಲಿಲ್ಲ. ಪಾಸ್‌ವರ್ಡು ಎಲ್ಲರಿಗೂ ಕೊಟ್ಟದ್ದು ನಿನ್ನದೇ ತಪ್ಪಲ್ಲವೇ ಎಂದು ಈಗಲೂ ಕೆಲವರು ಕೇಳುತ್ತಾರೆ. ಅದನ್ನೂ ಒಪ್ಪುವುದಿಲ್ಲ. ನಾನು ಬೇರೆ ಲಾಗಿನ್ ಕೇಳಿದವಳು, ಹೊಂದಿಸಿಕೊಳ್ಳಿ ಎಂದವರು ಅವರು.

ಈಗ ಎಲ್ಲರಿಗೂ ಒಂದೊಂದು ಲಾಗಿನ್ ಬಂದಿದೆ. ನನ್ನ ಕೆಲಸವೂ ಉಳಿದಿದೆ: ಅದೇ ಕುರ್ಚಿ, ಅದೇ ಕಿಟಕಿ, ದಿನಾ ಅದೇ ಬಸ್ಸು. ಮೊನ್ನೆ ಪ್ರಾಂಶುಪಾಲರು ತಮ್ಮ ಪಾಸ್‌ವರ್ಡು ಮರೆತು ನನ್ನ ಮೇಜಿನ ಹತ್ತಿರ ಬಂದರು. "ಮೇಡಂ, ಅರ್ಜೆಂಟ್ ಐತೆ. ನಿಮ್ಮದು ಒಂದ್ಸಲ ಹೇಳ್ರಿ."

ಕಚೇರಿಯಲ್ಲಿ ಎಲ್ಲರೂ ತಲೆ ಎತ್ತಿದರು.

"ಹೇಳಂಗಿಲ್ಲ ಸರ್" ಎಂದೆ. "ಮೂರು ವರ್ಷ ಜೈಲು. ಬೇಲೂ ಸಿಗಂಗಿಲ್ಲ."