ಅಣ್ಣನ ಪುಸ್ತಕದ ಸೊನ್ನೆಗಳು

ಅಣ್ಣ ತೀರಿಕೊಂಡ ನಾಲ್ಕನೆಯ ತಿಂಗಳಲ್ಲಿ ನಾಟಕದ ಮೇಷ್ಟ್ರು ಚಾಮರಾಜಪೇಟೆಯ ನಮ್ಮ ಮನೆಗೆ ಬಂದರು. ನಾನು ಯಾರದೋ ರವಿಕೆಗೆ ಹುಕ್ಕು ಹಾಕುತ್ತಾ ಕೂತಿದ್ದೆ. ಅಣ್ಣನ ಕುರ್ಚಿ ಖಾಲಿಯಿತ್ತು. ಮೇಷ್ಟ್ರು ಅದನ್ನು ಒಮ್ಮೆ ನೋಡಿ, ದಿವಾನದ ತುದಿಯಲ್ಲಿ ಕೂತರು.

"ಈ ಸಲವೂ ಶ್ರೀರಂಗಪಟ್ಟಣಕ್ಕೆ ಹೋಗ್ತಿದೀವಮ್ಮ. ಶನಿವಾರ ಹೊರಡೋದು, ಭಾನುವಾರ ಸಂಜೆ ನಾಟಕ. ಪ್ರಾಂಪ್ಟಿಂಗ್‌ಗೆ ನೀವು ಬರಬೇಕು."

ಅವರದು ನಮ್ಮ ಪೇಟೆಯ ಹವ್ಯಾಸಿ ತಂಡ. ಈಗ ಎಲ್ಲರಿಗೂ ಅರವತ್ತು ದಾಟಿದೆ. ವರ್ಷಕ್ಕೊಂದು ಸಲ, ಒಂದು ಶನಿವಾರ ಭಾನುವಾರ, ಕೋಟೆಯೊಳಗಿನ ಹಳೆಯ ಸಭಾಂಗಣದಲ್ಲಿ ಅದೇ ಒಂದು ನಾಟಕ ಆಡಿ ಬರುತ್ತಾರೆ. ಅಣ್ಣ ಮೂವತ್ತು ವರ್ಷ ಅವರ ಪ್ರಾಂಪ್ಟರ್ ಆಗಿದ್ದ. ಸೈಡ್ ವಿಂಗ್‌ನ ಪರದೆಯ ಹಿಂದೆ ಪುಸ್ತಕ ಹಿಡಿದು ನಿಂತು, ಮಾತು ಮರೆತವರಿಗೆ ಮೆಲ್ಲಗೆ ಪದ ಎತ್ತಿಕೊಡುವ ಕೆಲಸ.

"ನಾನು ಓದಿರೋದು ಹತ್ತನೇ ಕ್ಲಾಸು ಸರ್," ಅಂದೆ.

"ಪೂರ್ತಿ ನಾಟಕ ನಿಮಗೆ ಬಾಯಿಗೆ ಬರುತ್ತೆ ಅಂತ ನಿಮ್ಮಣ್ಣನೇ ಹೇಳ್ತಿದ್ದ. ನಮ್ಮ ದಳವಾಯಿ ಪಾತ್ರದವನಿಗೇ ಬರಲ್ಲ!"

ಅದು ಸುಳ್ಳಲ್ಲ. ಅತ್ತಿಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಇದ್ದದ್ದು. ಸಂಜೆ ಅವನು ಎಲ್ಲ ಪಾತ್ರದ ಮಾತನ್ನೂ ಗಟ್ಟಿಯಾಗಿ ಓದುತ್ತಿದ್ದ, ನಾನು ಹೊಲಿಯುತ್ತಾ ಕೇಳುತ್ತಿದ್ದೆ. ಮೇಷ್ಟ್ರು ಹೋದ ಮೇಲೆ ಬೀರುವಿನಿಂದ ಅವನ ಪುಸ್ತಕ ತೆಗೆದೆ. ಸಾಲುಗಳ ನಡುವೆ ಅಲ್ಲಲ್ಲಿ ಪೆನ್ಸಿಲ್ಲಿನಲ್ಲಿ ಸೊನ್ನೆಗಳಿದ್ದವು. ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು, ಮತ್ತೊಂದು ಕಡೆ ಮೂರು.

ಅದರ ಅರ್ಥ ನನಗೆ ಗೊತ್ತಿತ್ತು. "ಇಲ್ಲಿ ಪಾತ್ರದವನು ಬೇಕಂತಲೇ ಸುಮ್ಮನಿರ್ತಾನೆ ಕಣೇ," ಎಂದು ಅಣ್ಣ ಹೇಳಿದ್ದ. "ಒಂದು ಸೊನ್ನೆಗೆ ಒಂದು ಉಸಿರು. ಅಷ್ಟು ಉಸಿರು ಮುಗಿಯೋವರೆಗೆ ನಾವು ಬಾಯಿ ತೆಗೀಬಾರದು. ಮುಗಿದ ಮೇಲೂ ಮಾತಾಡಲಿಲ್ಲ ಅಂದ್ರೆ ಮರೆತಿದಾನೆ ಅಂತ. ಆಗ ಒಂದೇ ಒಂದು ಪದ ಕೊಡು. ತಡ ಮಾಡಬೇಡ."

ನನಗೆ ಭಯವಾದದ್ದು ಆ ಕೊನೆಯ ಮಾತಿಗೆ.

ಆಸ್ಪತ್ರೆಯಲ್ಲಿ ಅಣ್ಣನ ಪಕ್ಕದಲ್ಲಿ ಹನ್ನೊಂದು ದಿನ ಕೂತಿದ್ದೆ. ಅವನ ಎದೆ ಏರುವುದನ್ನೂ ಇಳಿಯುವುದನ್ನೂ ಎಣಿಸುವುದೇ ಕೆಲಸ. ಸ್ವಲ್ಪ ನಿಧಾನವಾದರೂ ಓಡಿಹೋಗಿ ನರ್ಸನ್ನು ಕರೆತರುತ್ತಿದ್ದೆ. ಆಕೆ ಬಂದು ನೋಡಿ, "ಏನೂ ಆಗಿಲ್ಲಮ್ಮ, ನೀವು ಸುಮ್ನೆ ಕೂತ್ಕೊಳಿ," ಎನ್ನುತ್ತಿದ್ದಳು. ಒಳ್ಳೆಯ ಹುಡುಗಿ, ಬೇಸರದಿಂದ ಹೇಳಿದ್ದಲ್ಲ. ಆದರೆ ನನಗೆ ನಾಚಿಕೆಯಾಗಿತ್ತು. ಹನ್ನೊಂದನೆಯ ಬೆಳಿಗ್ಗೆ ಅವನ ಉಸಿರು ನಿಂತಿತು. ಮತ್ತೆ ಬರುತ್ತದೆ ಎಂದು ನಾನು ಸುಮ್ಮನೆ ಕೂತೆ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಆಮೇಲೆ ಎದ್ದು ಹೋಗಿ ಕರೆದೆ. ಮೊದಲೇ ಕರೆದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಹಾಗೆ ಸುಮ್ಮನೆ ಕೂತದ್ದನ್ನು ನಾನು ಬೇರೆ ಯಾರಿಗೂ ಹೇಳಿಲ್ಲ, ಅಣ್ಣನ ಮಗನಿಗೂ ಹೇಳಿಲ್ಲ.

ಬರುವುದಿಲ್ಲ ಎಂದು ಮೇಷ್ಟ್ರಿಗೆ ಫೋನು ಮಾಡಲು ಎರಡು ಸಲ ಕೂತೆ. ಮಾಡಲಿಲ್ಲ. ಅಣ್ಣನ ಪುಸ್ತಕವನ್ನು ಇನ್ನೊಬ್ಬರ ಕೈಗೆ ಕೊಡಬೇಕಲ್ಲ ಅನ್ನಿಸಿತು.

ಶನಿವಾರ ಟೆಂಪೋದಲ್ಲಿ ಕಿಟಕಿಯ ಪಕ್ಕ ಕೂತೆ. ಹಿಂದಿನ ಸೀಟಿನಲ್ಲಿ ದಳವಾಯಿ ಪಾತ್ರದವರು. ಚಿಕ್ಕಪೇಟೆಯಲ್ಲಿ ಅವರದು ಸೀರೆ ಅಂಗಡಿ. ಅಣ್ಣನ ಓರಗೆಯವರು, ಭಾರಿ ಮಾತುಗಾರರು.

"ಏನಮ್ಮ ತಂಗಿ, ನಾನು ಮರೆತ್ರೆ ಸೂಜಿ ತಗೊಂಡು ಚುಚ್ತೀಯೋ ಹೇಗೆ?"

"ನೀವು ಮರೀಬೇಡಿ ಅಣ್ಣ."

"ಮರೆಯದೇ ಇದ್ರೆ ನಿನಗೇನು ಕೆಲಸ? ಸುಮ್ನೆ ಕರ್ಕೊಂಡು ಬಂದಿದೀವಾ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಊರು ಹತ್ತಿರವಾಗಿ ಹೊಳೆಯ ಸೇತುವೆ ಬಂದಾಗ ಕಣ್ಣು ಮುಚ್ಚಿಕೊಂಡೆ. ಹೋದ ಸಲ ಇದೇ ಸೇತುವೆಯ ಮೇಲೆ, ತ್ಯಾಗರಾಜನಗರದಿಂದ ಬಂದ ಅಣ್ಣನ ಮಗನ ಕಾರಿನಲ್ಲಿ, ಅಸ್ಥಿಯ ಮಡಕೆ ನನ್ನ ಮಡಿಲಲ್ಲಿತ್ತು. ಸಂಜೆ ಎಲ್ಲರೂ ಕೋಟೆಗೋಡೆ, ಗುಡಿ, ಹೊಳೆ ಎಂದು ನೋಡಲು ಹೋದರು. ನಾನು ಛತ್ರದ ರೂಮಿನಲ್ಲೇ ಕೂತು ಸೊನ್ನೆಗಳನ್ನು ಲೆಕ್ಕ ಹಾಕಿಕೊಂಡೆ.

ಭಾನುವಾರ ಸಂಜೆ ಸಭಾಂಗಣ ಮುಕ್ಕಾಲು ತುಂಬಿತ್ತು. ವಿಂಗ್‌ನಲ್ಲಿ ನಿಂತರೆ ಮೊದಲ ಸಾಲಿನವರ ಮೊಣಕಾಲು ಕಾಣುತ್ತಿತ್ತು, ಅಷ್ಟು ಹತ್ತಿರ. ನಾಟಕ ಮೇಷ್ಟ್ರೇ ಬರೆದದ್ದು. ಕೋಟೆಯ ಬೀಗದ ಕೈಗಳನ್ನು ಬೇರೆಯವರಿಗೆ ಒಪ್ಪಿಸಬೇಕಾದ ಮುದಿ ದಳವಾಯಿಯ ಕಥೆ.

ಮೊದಲ ಅಂಕದ ಕೊನೆಗೆ ದಳವಾಯಿ ಬಾಗಿಲ ಮುಂದೆ ಬಂದು ನಿಂತರು. "ಈ ಬಾಗಿಲು ನಾನು ಮುಚ್ಚಿದ್ದಲ್ಲ," ಎಂದು ನಿಲ್ಲಿಸಿದರು. ಪುಸ್ತಕದಲ್ಲಿ ಮೂರು ಸೊನ್ನೆ. ಎಣಿಸಿದೆ. ಒಂದು, ಎರಡು, ಮೂರು. ಮಾತು ಬರಲಿಲ್ಲ. ಮರೆತೇಬಿಟ್ಟರು ಎಂದುಕೊಂಡು "ತೆರೆಯುವುದೂ" ಎಂದೆ. ಮೆಲ್ಲಗೆ ಹೇಳಲು ಹೋದದ್ದು ಗಟ್ಟಿಯಾಗಿಯೇ ಬಂತು.

ಮೊದಲ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ದಳವಾಯಿಯ ಭುಜ ಒಂದು ಸಲ ಅಲುಗಿತು. ಅವರು ಮರೆತಿರಲಿಲ್ಲ. ಮೌನ ಇನ್ನೂ ಅರ್ಧವೂ ಆಗಿರಲಿಲ್ಲ. ನಾನು ಎಣಿಸಿದ್ದು ನನ್ನ ಉಸಿರನ್ನು. ಹೆದರಿದವಳ ಉಸಿರು, ಓಡಿ ಬಂದ ನಾಯಿಯ ಹಾಗೆ ಏದುತ್ತಿತ್ತು. ಅಂಥ ಮೂರು ಉಸಿರಿಗೆ ಎಷ್ಟು ಹೊತ್ತು ಬೇಕು?

ಅಂಕದ ಪರದೆ ಬಿದ್ದ ಮೇಲೆ ಅವರು ಒಳಗೆ ಬಂದರು. ಅಂಟಿಸಿದ ಮೀಸೆಯ ಒಂದು ಕಡೆ ಬಿಟ್ಟುಕೊಂಡಿತ್ತು.

"ಏನ್ ತಂಗಿ ನೀನು? ಇಡೀ ನಾಟಕದಲ್ಲಿ ನಾನು ಚೆನ್ನಾಗಿ ಮಾಡೋದು ಅದೊಂದೇ ಜಾಗ, ಅದನ್ನೂ ಕಿತ್ಕೊಂಡ್ಬಿಟ್ಯಲ್ಲ! ಇನ್ಮೇಲೆ ನಾನು ಸತ್ರೂ ಬಾಯಿ ಬಿಡ್ಬೇಡ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ಹಂಗಲ್ಲಮ್ಮ..."

"ಪರವಾಗಿಲ್ಲ ಅಣ್ಣ," ಅಂದೆ.

ಮೇಷ್ಟ್ರ ಹತ್ತಿರ ಹೋಗಿ ಪುಸ್ತಕ ಚಾಚಿದೆ. "ನನ್ನ ಕೈಲಾಗಲ್ಲ ಸರ್. ನೀವೇ ಹಿಡಿದುಕೊಳ್ಳಿ."

"ಈಗಲೇ ನಾನು ಸ್ಟೇಜಿನ ಮೇಲೆ ಹೋಗ್ಬೇಕಮ್ಮ. ಬೇರೆ ಯಾರಿದಾರೆ?" ಎನ್ನುತ್ತಲೇ ಅವರು ಪೇಟ ಸುತ್ತಿಕೊಂಡರು.

ಎರಡನೆಯ ಅಂಕ ಶುರುವಾಯಿತು. ಈಗ ಹೆದರಿಕೆ ಬೇರೆ ತರಹದ್ದು. ಯಾರು ಎಲ್ಲಿ ತಡವರಿಸಿದರೂ ನನ್ನ ಬಾಯಿ ಏಳುತ್ತಿರಲಿಲ್ಲ. ಒಬ್ಬರು ಅರ್ಧ ಸಾಲು ನುಂಗಿದರು, ನಾನು ಸುಮ್ಮನಿದ್ದೆ. ಅವರೇ ಹೇಗೋ ದಾಟಿದರು. ಮುಂದಿನ ಪುಟದಲ್ಲಿ ದಳವಾಯಿಯ ಕೊನೆಯ ಮಾತು ಇತ್ತು. ಬೀಗದ ಕೈಗಳನ್ನು ಕೆಳಗಿಡುವ ಮೊದಲು ಎರಡು ಸೊನ್ನೆ.

ಅವರು ಗೊಂಚಲನ್ನು ಎತ್ತಿ ಹಿಡಿದು ನಿಂತರು. ಸಭೆ ಸ್ತಬ್ಧವಾಗಿತ್ತು. ನನ್ನ ಉಸಿರು ಮತ್ತೆ ಓಡತೊಡಗಿತು. ಇದನ್ನು ನಂಬಬಾರದು, ಇನ್ಯಾವುದನ್ನು ಎಣಿಸಲಿ ಎಂದು ತೋಚದೆ ನಿಂತಾಗ, ಆ ಹನ್ನೊಂದು ದಿನ ಎಣಿಸಿದ ಉಸಿರು ನೆನಪಾಯಿತು. ನಿಧಾನವಾಗಿ ಏರಿ, ಸ್ವಲ್ಪ ನಿಂತು, ಇಳಿಯುತ್ತಿದ್ದ ಅಣ್ಣನ ಎದೆ. ಅದರ ಲೆಕ್ಕ ನನ್ನಷ್ಟು ಯಾರಿಗೂ ಗೊತ್ತಿಲ್ಲ. ಅದರಂತೆಯೇ ಉಸಿರೆಳೆದುಕೊಂಡೆ. ಒಂದು. ಬಿಟ್ಟು, ಮತ್ತೆ ಎಳೆದೆ. ಎರಡು.

ದಳವಾಯಿ ಮಾತಾಡಲಿಲ್ಲ. ಅವರ ಹೆಬ್ಬೆರಳು ಒಂದೊಂದೇ ಬೀಗದ ಕೈಯನ್ನು ಸರಿಸುತ್ತಿತ್ತು, ಮಾತು ಅದರಲ್ಲಿ ಎಲ್ಲೋ ಸಿಕ್ಕಿಕೊಂಡಿದೆ ಎಂಬಂತೆ. 'ಸುಮ್ನೆ ಕೂತ್ಕೊಳಿ' ಎಂದು ನನ್ನೊಳಗೇ ಯಾರೋ ಅಂದರು.

"ಇಂದಿಗೆ," ಅಂದೆ.

ಈ ಸಲ ಅದು ಮೊದಲ ಸಾಲಿಗೆ ಕೇಳಿಸಲಿಲ್ಲ. ದಳವಾಯಿ ತಲೆ ಎತ್ತಿದರು. "ಇಂದಿಗೆ ನನ್ನ ಕಾವಲು ಮುಗಿಯಿತು," ಎಂದು ಗೊಂಚಲನ್ನು ನೆಲದ ಮೇಲಿಟ್ಟು, ಬರಿಗೈಯಲ್ಲಿ ನಡೆದು ನನ್ನ ಪಕ್ಕದ ಪರದೆಯೊಳಗೆ ಬಂದರು. ಮುಖದ ಬಣ್ಣ ಬೆವರಿಗೆ ಇಳಿದಿತ್ತು. ನನ್ನ ಕೈ ಹಿಡಿದುಕೊಂಡರು.

"ಪೂರ್ತಿ ಮರೆತೇ ಹೋಗಿತ್ತು ಕಣಮ್ಮ."

"ತಡ ಆಯ್ತಾ ಅಣ್ಣ?"

"ಇಲ್ಲ, ಇಲ್ಲ."

"ನಿಜವಾಗ್ಲೂ ಹೇಳಿ. ನಾನು ಕರೆದದ್ದು ತಡ ಆಗಲಿಲ್ವಾ?"

ಅವರು ನನ್ನ ಮುಖ ನೋಡಿದರು. ಇವಳು ಇದನ್ನು ಯಾಕೆ ಹೀಗೆ ಕೇಳುತ್ತಿದ್ದಾಳೆ ಎಂದು ಅವರಿಗೆ ತಿಳಿಯಲಿಲ್ಲ. "ಇಲ್ಲಮ್ಮ," ಅಂದರು, ಮಗುವಿಗೆ ಹೇಳುವಂತೆ. "ತಡ ಏನೂ ಆಗಲಿಲ್ಲ."

ಅಷ್ಟರಲ್ಲಿ ಮೇಷ್ಟ್ರು ಸ್ಟೇಜಿನ ಮೇಲೆ ಮುಂದಿನ ಮಾತು ಶುರು ಮಾಡಿದ್ದರು. ನಾನು ಕಣ್ಣು ಒರೆಸಿಕೊಂಡು, ಪುಟದ ಮೇಲೆ ಬೆರಳಿಟ್ಟು, ಅವರ ಸಾಲು ಹುಡುಕಿದೆ.