ಆತ್ಮದ ಹತ್ಯೆ ಎಂದೆ

ಪದ ಸಿಕ್ಕರೆ ಸಾಕು, ಬಿಡಿಸಿ ಅರ್ಥ ಹೇಳುವ ಚಟ ನನಗೆ. ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟರು. ನಮ್ಮ ಮನೆಯಲ್ಲಿ ಕೂತರೆ ಸಂಧಿ, ನಿಂತರೆ ಸಮಾಸ. ಸಿಡ್ನಿಗೆ ಬಂದು, ನಾರ್ತ್ ಸಿಡ್ನಿಯ ಆಫೀಸಿನಲ್ಲಿ ದಿನವಿಡೀ ಸಾಫ್ಟ್‌ವೇರ್ ಟೆಸ್ಟ್ ಮಾಡುತ್ತಿದ್ದರೂ ಚಟ ಬಿಡಲಿಲ್ಲ. ನಮ್ಮ ಬಡಾವಣೆ ಕ್ವೇಕರ್ಸ್ ಹಿಲ್‌ನ ಕನ್ನಡದವರು ಮಗುವಿಗೆ ಹೆಸರಿಡುವ ಮುಂಚೆ ನನಗೇ ಫೋನ್ ಮಾಡಿ ಅರ್ಥ ಕೇಳುತ್ತಿದ್ದರು. ಗೊತ್ತಿಲ್ಲ ಎಂದು ನಾನು ಒಬ್ಬರಿಗೂ ಹೇಳಿದವಳಲ್ಲ. ಗೊತ್ತಿಲ್ಲದಿದ್ದಾಗಲೂ ಹೇಳಿದವಳಲ್ಲ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಈಸ್ಟರ್ ರಜೆಗೆ ಮೆಲ್ಬರ್ನಿಗೆ ಹೋದೆ. ಓದುವಾಗ ನನ್ನ ಜೊತೆ ಒಂದೇ ರೂಮಿನಲ್ಲಿದ್ದ ಮಂಗಳೂರಿನ ಗೆಳತಿ, ಕಾಯಂ ವಾಸಕ್ಕೆ ಪಿಆರ್ ಸಿಕ್ಕ ಮೇಲೆ ಅಲ್ಲಿನ ಕ್ರಾನ್‌ಬರ್ನ್‌ನಲ್ಲಿ ಮನೆ ಮಾಡಿದ್ದಳು. ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆ. ಅವಳ ಅಮ್ಮ ಒಂದು ವರ್ಷ ಮಗಳ ಜೊತೆ ಇರಲೆಂದು ಬಂದಿದ್ದರು. ಓದಲು ಏನೂ ಇಲ್ಲದೆ ಒದ್ದಾಡುತ್ತಿದ್ದಾರೆಂದು ಕೇಳಿ, ಹಳೆಯ ಕನ್ನಡ ವಾರಪತ್ರಿಕೆಗಳ ಒಂದು ಕಟ್ಟನ್ನೇ ಹೊತ್ತುಕೊಂಡು ಹೋಗಿದ್ದೆ.

ಮರುದಿನ ಬೆಳಿಗ್ಗೆ ಆಂಟಿ ಇಡ್ಲಿಯಂಥ ಸನ್ನಾಣ ಬೇಯಲು ಇಟ್ಟು, ಒಲೆಯ ಪಕ್ಕದಲ್ಲೇ ನಿಂತು ಪತ್ರಿಕೆ ಓದುತ್ತಿದ್ದರು. ನಾನು ಈರುಳ್ಳಿ ಹೆಚ್ಚುತ್ತಿದ್ದೆ.

"ನೀನು ಸಂಸ್ಕೃತ ಎಲ್ಲ ಕಲಿತವಳು ಅಲ್ವಾ ಮಗಾ, ಒಂದು ಕೇಳ್ತೇನೆ," ಎಂದರು. "ನಮ್ಮ ಕೊಂಕಣಿಯಲ್ಲಿ ಜೀವ ತೆಗೆದುಕೊಂಡ ಅಂತ ಮಾತ್ರ ಹೇಳುವುದು. ಇದರಲ್ಲಿ ಆತ್ಮಹತ್ಯೆ ಅಂತ ಬರೆದಿದ್ದಾರೆ. ಹಾಗಾದ್ರೆ ಆತ್ಮ ಕೂಡ ಸಾಯ್ತದಾ?"

"ಪದದ ಅರ್ಥ ಅದೇ ಅಲ್ವಾ ಆಂಟಿ? ಆತ್ಮದ ಹತ್ಯೆ, ಆತ್ಮಹತ್ಯೆ. ತತ್ಪುರುಷ ಸಮಾಸ," ಎಂದೆ, ಚಾಕು ಕೂಡ ಕೆಳಗಿಡದೆ.

"ಪೂರ್ತಿ ಸಾಯ್ತದಾ?"

"ಹತ್ಯೆ ಅಂದ್ಮೇಲೆ ಪೂರ್ತಿನೇ. ಅದಕ್ಕೇ ಅದನ್ನ ಮಹಾಪಾಪ ಅನ್ನೋದು."

"ಹೌದಾ," ಎಂದರು. ಗ್ಯಾಸ್ ಸಣ್ಣ ಮಾಡಿ ಹಿತ್ತಲಿಗೆ ಹೋದರು. ತಂತಿಯ ಮೇಲಿದ್ದ ಬಟ್ಟೆಗಳನ್ನೆಲ್ಲ ತೆಗೆದು ತಂದರು. ಇನ್ನೂ ಒಣಗೇ ಇಲ್ವಲ್ಲ ಆಂಟಿ, ಎಂದು ನಾನು ನಕ್ಕೆ ಕೂಡ.

ನವೆಂಬರಿನಲ್ಲಿ ಗೆಳತಿ ಆಫೀಸಿಗೇ ಫೋನ್ ಮಾಡಿದಳು. "ನಮ್ಮ ಮಮ್ಮಿಗೆ ನೀನು ಎಂತ ಹೇಳಿದ್ದು ಮಾರಾಯ್ತಿ?"

ಆಂಟಿಗೆ ಒಬ್ಬ ತಮ್ಮನಿದ್ದನಂತೆ. ಇಪ್ಪತ್ತು ದಾಟುವ ಮೊದಲೇ ತಾನಾಗಿ ಜೀವ ತೆಗೆದುಕೊಂಡವನು. ಆ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಅಷ್ಟು ವರ್ಷದ ಸ್ನೇಹದಲ್ಲಿ ನನಗೂ ಗೊತ್ತಾಗಿರಲಿಲ್ಲ. ಆದರೆ ಪ್ರತಿ ನವೆಂಬರಿನಲ್ಲಿ, ಅವನು ಹೋದ ದಿನ, ಆಂಟಿ ಅವನ ಆತ್ಮಕ್ಕೆಂದು ಚರ್ಚಿನಲ್ಲಿ ಪೂಜೆ ಕೊಡುತ್ತಿದ್ದರು. ಮೂವತ್ತು ವರ್ಷದಲ್ಲಿ ಒಂದನ್ನೂ ತಪ್ಪಿಸಿದವರಲ್ಲ. ಈ ಸಲ ಇಲ್ಲಿನ ಫಾದರ್‌ಗೆ ಹೇಳಿ ಗೆಳತಿಯೇ ಎಲ್ಲ ಬುಕ್ ಮಾಡಿದ್ದಳು. ಆಂಟಿ ಬೇಡವೇ ಬೇಡ ಎಂದರಂತೆ. "ಆತ್ಮವೇ ಇಲ್ಲದವನಿಗೆ ಯಾವ ಪೂಜೆ? ಅವಳು ಕಲಿತವಳು, ಅವಳೇ ಹೇಳಿದ್ದು," ಎಂದು ರೂಮಿನ ಬಾಗಿಲು ಹಾಕಿಕೊಂಡರಂತೆ. ಅವನು ಹೋದ ದಿನ, ಈ ಫೋನ್ ಬರುವ ಹಿಂದಿನ ದಿನವೇ, ಪೂಜೆಯಿಲ್ಲದೆ ಕಳೆದುಹೋಗಿತ್ತು.

"ನಂಗೇನು ಕನಸು ಬಿದ್ದಿತ್ತಾ?" ಎಂದು ಅವಳ ಮೇಲೇ ರೇಗಿ ಫೋನ್ ಇಟ್ಟೆ. ರೇಗಿದ್ದು ಹೆದರಿಕೆಗೆ.

ಸಂಜೆ ಟ್ರೈನಿನಲ್ಲಿ ಮನಸ್ಸು ಬೇರೆ ಕಡೆ ತಿರುಗಲೆಂದು ಬ್ಯಾಗಿನಿಂದ ಪುಸ್ತಕ ತೆಗೆದೆ. ಯಾರದೋ ಮನೆಯಿಂದ ಓದಲು ತಂದದ್ದು. ಹೆಸರಿನ ಕೆಳಗೆ 'ಆತ್ಮಕಥೆ' ಎಂದಿತ್ತು. ಚಟದಂತೆ ಪದ ಬಿಡಿಸಿದೆ. ಆತ್ಮಕಥೆ ಎಂದರೆ ತನ್ನ ಕಥೆ. ಆತ್ಮಹತ್ಯೆ ಎಂದರೆ ತನ್ನನ್ನು ತಾನು ಕೊಂದುಕೊಳ್ಳುವುದು. ಅಲ್ಲಿ ಆತ್ಮ ಎಂದರೆ 'ತಾನು', ಅಷ್ಟೇ. ಅಪ್ಪನ ಕ್ಲಾಸಿನ ಹುಡುಗರಿಗೂ ಗೊತ್ತಿದ್ದ ಸಂಗತಿ. ಅದೂ ಹೋಗಲಿ, ಅಜ್ಜಿ ತೀರಿಕೊಂಡಾಗ ಆತ್ಮಕ್ಕೆ ಸಾವಿಲ್ಲ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದುದನ್ನು ಕೇಳಿ ಬೆಳೆದವಳು ನಾನು. ಆಂಟಿ ಹುಟ್ಟಿದಾಗಿನಿಂದ ನಂಬಿಕೊಂಡು ಬಂದದ್ದೂ ಅದನ್ನೇ. ಸಾಯುವುದಿಲ್ಲ ಎಂದು ಅವರ ಧರ್ಮವೂ ನನ್ನ ಧರ್ಮವೂ ಹೇಳಿದ್ದನ್ನು ಈರುಳ್ಳಿ ಹೆಚ್ಚುತ್ತಾ ಕೊಂದು ಹಾಕಿದ್ದೆ, ಒಂದು ಸಮಾಸದ ಹೆಸರು ಗೊತ್ತಿದೆ ಎಂದು ತೋರಿಸಿಕೊಳ್ಳುವ ಆಸೆಗೆ. ಥೂ, ನನ್ನ ಪಾಂಡಿತ್ಯಕ್ಕಿಷ್ಟು ಬೆಂಕಿ ಹಾಕ.

ಶನಿವಾರದ ಮೊದಲ ಫ್ಲೈಟ್ ಹಿಡಿದು ಹೋದೆ. ಆಂಟಿ ಹಾಲ್‌ನಲ್ಲಿ ಕೂತಿದ್ದರು. ಪತ್ರಿಕೆಗಳ ಕಟ್ಟು ಮೂಲೆಯಲ್ಲಿ ಹಾಗೇ ಬಿದ್ದಿತ್ತು. ಅವರ ಕಾಲ ಬಳಿ ಕೂತು ಒಂದೇ ಉಸಿರಿಗೆ ಹೇಳಿದೆ: "ಆ ಪದದಲ್ಲಿ ಆತ್ಮ ಅಂದ್ರೆ ತಾನು ಅಂತ ಅಷ್ಟೇ ಆಂಟಿ. ನಾನು ತಪ್ಪು ಹೇಳ್ಬಿಟ್ಟೆ. ನಿಮ್ಮ ತಮ್ಮನ ಆತ್ಮಕ್ಕೆ ಏನೂ ಆಗಿಲ್ಲ. ಖಂಡಿತ ಇದೆ."

ಅವರು ನನ್ನ ಕಡೆ ತಿರುಗಿದರು. "ಅವತ್ತು ಕೂಡ ನೀನು ಇಷ್ಟೇ ಗಟ್ಟಿಯಾಗಿ ಹೇಳಿದ್ದೆ ಮಗಾ. ನಾನೀಗ ಯಾವುದನ್ನು ನಂಬುವುದು?"

ಅಳು ಬಂತು. "ನಂಗೆ ಗೊತ್ತಿಲ್ಲ ಆಂಟಿ," ಎಂದೆ.

ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಗೊತ್ತಿಲ್ಲ ಅಂತ ಅವತ್ತೇ ಹೇಳಬಹುದಿತ್ತಲ್ಲ," ಎಂದರು. "ಅವನಿಗೆ ಈ ವರ್ಷದ ಪೂಜೆ ಸಿಗ್ತಿತ್ತು."