ತಾಯಿ ಕಾರ್ಡಿನಲ್ಲಿ ನನ್ನ ಅಕ್ಷರ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಬಂದರೆ, ರಾತ್ರಿ ಸರಿಯಾಗಿ ನಿದ್ದೆ ಮಾಡಿದ್ದಿರಾ ಎಂದು ನಾನು ಮೊದಲು ಕೇಳುತ್ತಿದ್ದೆ. ಆಮೇಲೆ, ಊಟ ಮಾಡಿದ್ದಿರಾ ಎಂದು. ಹದಿನಾರು ವರ್ಷ ಹಳ್ಳಿಗಳಲ್ಲಿ ನರ್ಸ್ ಆಗಿ ದುಡಿದವಳಿಗೆ ಗಾಳಿ ಸೋಕಿತು, ಮೈಮೇಲೆ ಬಂತು ಎನ್ನುವುದರ ಹಿಂದೆಲ್ಲ ರಕ್ತಹೀನತೆಯೋ ಜ್ವರವೋ ಮನೆಯ ಜಗಳವೋ ಕಾಣುತ್ತದೆ. ಈಗಲೂ ಹೆಚ್ಚುಕಡಿಮೆ ಹಾಗೆಯೇ ನಂಬಿದ್ದೇನೆ. ಒಂದು ಗುರುವಾರ ನಡೆದದ್ದು ಮಾತ್ರ ಆ ನಂಬಿಕೆಯೊಳಗೆ ಕೂರುತ್ತಿಲ್ಲ. ನೀವು ಒಪ್ಪಲೇಬೇಕು ಎಂದು ಇದನ್ನು ಬರೆಯುತ್ತಿಲ್ಲ. ನನ್ನ ಜಾಗದಲ್ಲಿದ್ದರೆ ನೀವು ಯಾರನ್ನು ಅನುಮಾನಿಸುತ್ತಿದ್ದಿರಿ ಎಂಬ ಕುತೂಹಲ, ಅಷ್ಟೇ.

ಆಗ ನಾನು ಹಗರಿಬೊಮ್ಮನಹಳ್ಳಿ ತಾಲೂಕಿನ ಒಂದು ಉಪಕೇಂದ್ರದಲ್ಲಿದ್ದೆ. ಹಂಪಸಾಗರದ ಕಡೆ ಕಬ್ಬು ಕಡಿಯಲು ಕೂಡ್ಲಿಗಿ ಸೀಮೆಯ ಹಳ್ಳಿಯೊಂದರಿಂದ ಹತ್ತು ಹನ್ನೆರಡು ಕುಟುಂಬಗಳು ಬಂದು, ಹೊಲದ ಬದಿಯಲ್ಲೇ ತಾಡಪಾಲಿನ ಗುಡಿಸಲು ಹಾಕಿಕೊಂಡಿದ್ದವು. ಇಂಥವರ ಹೆಸರು ಅವರೂರಿನ ರಿಜಿಸ್ಟರಿನಲ್ಲಿರುತ್ತದೆ, ಅವರು ಮಾತ್ರ ನಮ್ಮೂರಿನ ಹೊಲದಲ್ಲಿರುತ್ತಾರೆ. ಅಲ್ಲಿಯ ನರ್ಸ್ ‘ಊರಲ್ಲಿಲ್ಲ’ ಎಂದು ಬರೆದುಕೊಳ್ಳುತ್ತಾಳೆ, ಇಲ್ಲಿಯವಳು ‘ನಮ್ಮವರಲ್ಲ’ ಎಂದು ಸುಮ್ಮನಾಗುತ್ತಾಳೆ. ಮುಚ್ಚಿಡುವುದೇಕೆ, ನಾನೂ ಸುಮ್ಮನಾದವಳೇ. ಅವರು ಬಂದು ತಿಂಗಳಾದರೂ ಆ ಕಡೆ ಹಾಯ್ದಿರಲಿಲ್ಲ. ನಮ್ಮ ಆಶಾ ಕಾರ್ಯಕರ್ತೆ ನಾಗವೇಣಿ, ‘ಅಲ್ಲಿ ಒಬ್ಬಾಕಿ ಬಸುರಿ ಅದಾಳಂತ್ರಿ’ ಎಂದು ಎರಡು ಸಲ ನೆನಪಿಸಿದ ಮೇಲೆಯೇ ಅವಳನ್ನು ಕರೆದುಕೊಂಡು ಹೊರಟದ್ದು.

ಮಧ್ಯಾಹ್ನ ಮೂರರ ಬಿಸಿಲು. ಎಲ್ಲರೂ ಕಬ್ಬಿನೊಳಗಿದ್ದರು. ಒಂದು ಗುಡಿಸಲ ಮುಂದೆ ಎಂಟು ತಿಂಗಳು ತುಂಬಿದ ಹುಡುಗಿಯೊಬ್ಬಳು ಗೋಣಿಚೀಲದ ಮೇಲೆ ಕೂತಿದ್ದಳು. ಹೆಸರು ಹುಲಿಗೆಮ್ಮ. ಪಕ್ಕದಲ್ಲಿ ಅವಳ ಅತ್ತೆ ಗಂಗಮ್ಮ ಬೇಳೆ ಆರಿಸುತ್ತಿದ್ದಳು. ನನ್ನನ್ನು ಕಂಡದ್ದೇ ಗಂಗಮ್ಮ, ‘ಬರ್ರಿ ಸಿಸ್ಟರ್, ಇವತ್ತ ಜೋಡಿ ಕರ್ಕೊಂಡು ಬಂದೀರಲ್ಲ’ ಎಂದಳು.

ನಾನು ಇದೇ ಮೊದಲ ಸಲ ಬರುತ್ತಿರುವುದು ಎಂದೆ. ಅತ್ತೆ ಸೊಸೆ ಇಬ್ಬರೂ ಮುಖ ಮುಖ ನೋಡಿಕೊಂಡರು.

‘ಹೋದ ವಾರ ನೀವ ಬಂದಿದ್ರಲ್ರಿ. ಅದರ ಹಿಂದಿನ ವಾರಾನೂ ಬಂದಿದ್ರಿ. ಕಾರ್ಡಿನ್ಯಾಗ ಬರದು ಕೊಟ್ಟೀರಿ’ ಎಂದು ಹುಲಿಗೆಮ್ಮ ಟ್ರಂಕಿನಿಂದ ತಾಯಿ ಕಾರ್ಡು ತೆಗೆದುಕೊಟ್ಟಳು.

ತೆರೆದು ನೋಡಿದೆ. ತಪಾಸಣೆಯ ಪುಟದಲ್ಲಿ ಮೂರು ಸಾಲು ತುಂಬಿದ್ದವು. ಅಕ್ಷರ ನನ್ನದು. ಹಾಗೆ ಕಾಣುತ್ತಿತ್ತು ಎಂದು ಹೇಳುತ್ತಿಲ್ಲ, ನನ್ನದೇ. ನಾನು ಏಳರ ಅಂಕಿಗೆ ನಡುವೆ ಅಡ್ಡಗೀಟು ಹಾಕುತ್ತೇನೆ, ಬಿಪಿ ಹೆಚ್ಚಿದ್ದರೆ ಕೆಳಗೆ ಎರಡು ಗೆರೆ ಎಳೆಯುತ್ತೇನೆ. ಎರಡೂ ಇದ್ದವು. ಸಹಿಯೂ ಇತ್ತು. ಮೊದಲ ಸಾಲು ಎರಡು ವಾರದ ಹಿಂದಿನ ಗುರುವಾರದ್ದು. ಆ ದಿನ ನಾನು ರಜೆ ಹಾಕಿ ಹರಪನಹಳ್ಳಿಯಲ್ಲಿ ಅಕ್ಕನ ಮಗಳ ನಿಶ್ಚಿತಾರ್ಥದಲ್ಲಿದ್ದೆ. ಎರಡನೆಯದು ಹೋದ ಗುರುವಾರದ್ದು. ಅವತ್ತು ಹೊಸಪೇಟೆಯಲ್ಲಿ ತರಬೇತಿಯಿತ್ತು, ಸಂಜೆಯವರೆಗೂ ಅಲ್ಲೇ ಇದ್ದೆ. ಮೂರನೆಯ ಸಾಲಿಗೆ, ನಾನು ಕಾರ್ಡು ಹಿಡಿದು ಓದುತ್ತಿದ್ದ ಆ ದಿನದ್ದೇ ತಾರೀಖು. ಬಿಪಿ 170/110, ಕೆಳಗೆ ಎರಡು ಗೆರೆ. ಮುಂದೆ, ‘ತಲೆನೋವು, ಕಣ್ಣು ಮಂಜು. ಇವತ್ತೇ ಕಳಿಸಬೇಕು.’

‘ಈ ಕೊನೆಯ ಸಾಲನ್ನು ಯಾವಾಗ ಬರೆದದ್ದು?’ ಎಂದೆ.

‘ನನಗ ಅಕ್ಷರ ಬರಂಗಿಲ್ರಿ. ಹೋದ ವಾರ ಬಂದಾಗ ಬರದಿದ್ದು. ಆಮ್ಯಾಲ ಟ್ರಂಕಿನಿಂದ ತಗದೇ ಇಲ್ಲ’ ಎಂದಳು ಹುಲಿಗೆಮ್ಮ.

ಭಯವಾಯಿತು ಎಂದು ನೀವು ತಿಳಿದಿದ್ದರೆ ತಪ್ಪು. ಸಿಟ್ಟು ಬಂತು. ಯಾರೋ ನನ್ನ ಹೆಸರಿನಲ್ಲಿ ಸುಳ್ಳು ತಪಾಸಣೆ ತುಂಬಿಸಿದ್ದಾರೆ, ನಾಳೆ ಹೆಚ್ಚುಕಡಿಮೆಯಾದರೆ ನನ್ನ ಕುತ್ತಿಗೆಗೆ ಬರುತ್ತದೆ ಎಂದಷ್ಟೇ ತಲೆಯಲ್ಲಿ ಓಡಿತು. ನೇರವಾಗಿ ನಾಗವೇಣಿಯ ಕಡೆ ತಿರುಗಿದೆ. ಐದು ವರ್ಷದಿಂದ ನನ್ನ ಅಕ್ಷರ ದಿನಾ ನೋಡಿದವಳು ಅವಳೊಬ್ಬಳೇ.

‘ನನ್ ಮ್ಯಾಲ ಅನುಮಾನೇನ್ರಿ?’ ಎಂದಳು. ಅವಳ ಕಣ್ಣು ತುಂಬಿಕೊಂಡವು. ‘ನಿಮ್ಮಂಗ ಬರಿಯಾಕ ಬಂದಿದ್ರ ನಾನ ನರ್ಸ್ ಆಗ್ತಿದ್ದೆಲ್ರಿ!’

ನಾನು ಬಿಡಲಿಲ್ಲ. ಮತ್ತೆ ಮತ್ತೆ ಕೇಳಿದೆ. ಗಂಗಮ್ಮನನ್ನೂ ಗದರಿಸಿದೆ. ಕಾರ್ಡಿನ ಫೋಟೋ ತೆಗೆದುಕೊಂಡು, ಈಗಲೇ ಹೋಗಿ ಡಾಕ್ಟರಿಗೆ ದೂರು ಕೊಡುತ್ತೇನೆಂದು ಎದ್ದೂ ನಿಂತೆ. ಈ ಜಗಳದಲ್ಲಿ ಕಾಲು ಗಂಟೆ ಹೋಗಿರಬೇಕು. ಅಷ್ಟು ಹೊತ್ತೂ ಹುಲಿಗೆಮ್ಮ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದಳು, ನಾನು ಅದನ್ನು ನೋಡಿಯೂ ನೋಡಿರಲಿಲ್ಲ. ಈ ಮಾತು ಬರೆಯಲು ನನಗೆ ನಾಚಿಕೆಯಾಗುತ್ತದೆ.

‘ತೆಲಿ ಸಿಡೀತೈತ್ರಿ. ಮುಂಜಾನಿಯಿಂದ ಹಿಂಗ. ನಿಮ್ ಮಾರಿ ಸೈತ ಮಂಜು ಕಾಣತೈತಿ’ ಎಂದಳು ಮೆಲ್ಲಗೆ.

ಆಗ ಬಿಪಿ ಪಟ್ಟಿ ತೆಗೆದೆ. 170/110. ಎಡಗೈಗೂ ಕಟ್ಟಿ ನೋಡಿದೆ, ಅದೇ ಅಂಕಿ. ಮಾತು ಬಿಟ್ಟಿದ್ದ ನಾಗವೇಣಿಯನ್ನು ಕರೆದು ಮುಳ್ಳು ಓದಿಸಿದೆ. ಅವಳೂ ಅದನ್ನೇ ಹೇಳಿದಳು.

ಮುಂದಿನದನ್ನು ಕೈಗಳು ತಾವೇ ಮಾಡಿದವು. ಆಂಬುಲೆನ್ಸಿಗೆ ಫೋನ್ ಮಾಡಿದೆವು. ಗಂಗಮ್ಮ ಅಡ್ಡ ನಿಂತಳು. ‘ದವಾಖಾನಿಗೆ ಹೋದ್ರ ಹೊಟ್ಟಿ ಕೊಯ್ತಾರ. ನನ್ನ ಮಗ ಹೊಲದಿಂದ ಬರ್ಲಿ ತಡೀರಿ’ ಎಂದಳು. ನಾಗವೇಣಿ ಅವಳ ಕೈ ಹಿಡಿದು, ‘ಮಗ ಬರಾತನ ಸೊಸಿ ಉಳೀಬೇಕಲ್ಲಬೇ’ ಎಂದಳು. ಅದಕ್ಕೆ ಮುದುಕಿ ತಣ್ಣಗಾದಳು. ತಾಲೂಕು ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಇಳಿಸುವಾಗಲೇ ಹುಲಿಗೆಮ್ಮನಿಗೆ ಫಿಟ್ಸ್ ಬಂತು. ಕೈಯಳತೆಯಲ್ಲಿ ಇಂಜೆಕ್ಷನ್ ಇತ್ತು, ಡಾಕ್ಟರ್ ಇದ್ದರು. ಇನ್ನೊಂದು ಕಾಲು ಗಂಟೆ ನಾನು ಜಗಳವಾಡಿದ್ದರೆ ಅದು ಹೊಲದ ದಾರಿಯಲ್ಲೇ ಆಗುತ್ತಿತ್ತು. ಮರುದಿನ ಹೆಣ್ಣುಮಗು ಹುಟ್ಟಿತು. ಸಣ್ಣದು, ಆದರೆ ದನಿ ಜೋರು.

ಆಮೇಲೆ ನಾನು ಪತ್ತೇದಾರಿಕೆಗೆ ಇಳಿದೆ. ಅಕ್ಕಪಕ್ಕದ ಉಪಕೇಂದ್ರಗಳ ನರ್ಸುಗಳನ್ನೆಲ್ಲ ವಿಚಾರಿಸಿದೆ, ಯಾರೂ ಆ ಹೊಲಕ್ಕೆ ಹೋಗಿರಲಿಲ್ಲ. ಫೋಟೋವನ್ನು ನಮ್ಮ ಡಾಕ್ಟರಿಗೆ ತೋರಿಸಿದೆ. ಅವರು ನಕ್ಕು, ‘ಇದು ನಿಮ್ಮ ಅಕ್ಷರಾನೇ. ಕೆಲಸ ಜಾಸ್ತಿಯಾಗಿ ಹೋಗಿದ್ದನ್ನ ಮರೆತಿದ್ದೀರಿ, ತಾರೀಖು ತಪ್ಪು ಹಾಕಿದ್ದೀರಿ’ ಎಂದರು. ಒಂದು ವಾರ ನನ್ನ ಮೇಲೆ ನನಗೇ ಸಂಶಯ ಬಂತು. ಹೊಸಪೇಟೆಯ ತರಬೇತಿಯ ಹಾಜರಿ ಹಾಳೆ ತರಿಸಿ ನೋಡಿದೆ. ಬೆಳಿಗ್ಗೆ ಒಂದು ಸಹಿ, ಸಂಜೆ ಒಂದು ಸಹಿ. ಕಾರ್ಡಿನ ಸಹಿಯ ಪಕ್ಕ ಹಿಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನಾಗವೇಣಿಯ ಹತ್ತಿರ ಕ್ಷಮೆ ಕೇಳಿದೆ. ‘ಇರ್ಲಿ ಬಿಡ್ರಿ’ ಎಂದಳು. ಆದರೆ ಅಂದಿನಿಂದ ಅವಳು ನನ್ನ ಎದುರಿಗೆ ಯಾವ ಕಾರ್ಡನ್ನೂ ಕೈಯಲ್ಲಿ ಮುಟ್ಟಿದ್ದಿಲ್ಲ.

ಕಬ್ಬು ಮುಗಿದು ಅವರೆಲ್ಲ ಊರಿಗೆ ಹೊರಡುವ ಹಿಂದಿನ ದಿನ ಮಗುವಿನ ತೂಕ ನೋಡಲು ಹೋದೆ. ತಡೆಯಲಾರದೆ ಕೊನೆಯ ಸಲ ಕೇಳಿದೆ. ‘ಖರೇ ಹೇಳು ಹುಲಿಗೆಮ್ಮ, ಆಗ ಬಂದಾಕಿ ಯಾರು?’

‘ನೀವ ರೀ. ಇದ ಬ್ಯಾಗು, ಇದ ಚಸ್ಮಾ’ ಎಂದಳು. ‘ಆದ್ರ ಆವಾಗ ನಿಮಗ ಸಿಟ್ಟಿದ್ದಿಲ್ಲ. ನೆಲಕ್ಕ ಕುಂತು, ನನ್ನ ಪಾದ ನಿಮ್ಮ ತೊಡಿ ಮ್ಯಾಲ ಇಟ್ಕೊಂಡು, ಬಾವು ಬಂದೈತೇನಂತ ಒತ್ತಿ ಒತ್ತಿ ನೋಡಿದ್ರಿ’ ಎಂದಳು.

ಹದಿನಾರು ವರ್ಷದಲ್ಲಿ ನಾನು ಯಾರ ಪಾದವನ್ನೂ ತೊಡೆಯ ಮೇಲೆ ಇಟ್ಟುಕೊಂಡವಳಲ್ಲ. ಬಗ್ಗಿ ಬೆರಳಿನಿಂದ ಒಮ್ಮೆ ಒತ್ತಿ ಮುಂದಕ್ಕೆ ಹೋಗುತ್ತೇನೆ. ಮಗುವಿನ ತೂಕ ಬರೆಯಬೇಕು, ಕಾರ್ಡು ಕೊಡು ಎಂದೆ. ಹುಲಿಗೆಮ್ಮ ಕಾರ್ಡು ತೆಗೆದಳು. ಕೊಡುವ ಮುಂಚೆ ಅದನ್ನು ಎದೆಗೆ ಒತ್ತಿಕೊಂಡು, ಒಂದು ಗಳಿಗೆ ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು. ಅವಳು ಏನನ್ನು ಹುಡುಕುತ್ತಿದ್ದಳೋ, ಅದು ಅವಳಿಗೆ ಸಿಕ್ಕಿತೋ ಇಲ್ಲವೋ, ನನಗೆ ಇಂದಿಗೂ ಗೊತ್ತಾಗಿಲ್ಲ.